ಸಣ್ಣ ಕ್ಯಾಲಿಬರ್ ರೈಫಲ್‌ನ ಆಯ್ಕೆ: ಆಸ್ಟ್ರೇಲಿಯಾದ ಮೊಲ, ನಮ್ಮ ಕಾಯ್ದೆ – ಮುಖ್ಯಾಂಶಗಳು

ಆಕ್ರಮಣಕಾರಿ ಪ್ರಭೇದ, ಶಸ್ತ್ರಾಸ್ತ್ರ ನಿಯಂತ್ರಣ, ವನ್ಯಜೀವಿ ಸಂರಕ್ಷಣೆ – ಪಠ್ಯಕ್ರಮದಲ್ಲಿ ದೂರದೂರ ಕೂತಿರುವ ಈ ಮೂರು ಅಧ್ಯಾಯಗಳು ಒಂದೇ ಕಡೆ ಸಂಧಿಸುವ ವಿಷಯ ಇದು. ಪೀಡೆ ಪ್ರಾಣಿಗೆ ಯಾವ ಕೋವಿ ಎಂಬ ಪ್ರಶ್ನೆಗೆ ಉತ್ತರ ಅಂಗಡಿಯ ಕಪಾಟಿನಲ್ಲಿ ಸಿಗುವುದಿಲ್ಲ. ಪ್ರಾಣಿ ಯಾವುದು, ಎಷ್ಟು ದೂರ, ತಪ್ಪಿದ ಗುಂಡು ಹೋಗಿ ನಿಲ್ಲುವುದೆಲ್ಲಿ, ಕಾಯ್ದೆ ಏನನ್ನುತ್ತದೆ ಎಂಬುದು ಮೊದಲು ತೀರ್ಮಾನವಾಗಬೇಕು. ಕೆಳಗಿನ ಟಿಪ್ಪಣಿಗಳನ್ನು ಅದೇ ಎಳೆಯಲ್ಲಿ ಓದಿಕೊಳ್ಳಿ.

ಹಿನ್ನೆಲೆ: ಆಸ್ಟ್ರೇಲಿಯಾದ ಮೊಲ

1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ವಿಕ್ಟೋರಿಯಾ ಪ್ರಾಂತ್ಯದ ವಿಂಚೆಲ್ಸಿ ಬಳಿಯ ತನ್ನ ಬಾರ್ವನ್ ಪಾರ್ಕ್ ಎಸ್ಟೇಟಿನಲ್ಲಿ ಬೇಟೆಯ ಮೋಜಿಗೆಂದು ಇಂಗ್ಲೆಂಡಿನಿಂದ ತರಿಸಿದ ಕಾಡು ಮೊಲಗಳನ್ನು ಬಿಟ್ಟ. ಖಂಡವನ್ನೆಲ್ಲ ಆವರಿಸಿದ ಹಾವಳಿಯ ಬೇರು ಮುಖ್ಯವಾಗಿ ಅಲ್ಲೇ ಇದೆ ಎಂದು 2022ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿತು. ಪ್ರಭೇದದ ಹೆಸರು ಒರಿಕ್ಟೊಲೇಗಸ್ ಕ್ಯುನಿಕುಲಸ್. ಬಿಲ ತೋಡಿ ಗುಂಪಾಗಿ ಬದುಕುವ ಯುರೋಪಿನ ಮೊಲ. ನಮ್ಮ ಹೊಲದ ಬದುಗಳಲ್ಲಿ ಕಾಣುವ ಲೀಪಸ್ ನೈಗ್ರಿಕಾಲಿಸ್ ಬಿಲ ತೋಡುವುದಿಲ್ಲ, ಪೊದೆಯ ಮರೆಯಲ್ಲಿ ನೆಲದ ಮೇಲೇ ಮಲಗುತ್ತದೆ. ಎರಡೂ ಬೇರೆ ಕುಲ. ಪರೀಕ್ಷೆಯಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಬರೆಯಬೇಡಿ.

ತಡೆಯುವ ಯತ್ನಗಳನ್ನು ಕಾಲಕ್ರಮದಲ್ಲಿ ನೆನಪಿಡಿ:
– 1901–1907: ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಮೂರು ಮೊಲ ತಡೆ ಬೇಲಿಗಳು. ಒಟ್ಟು ಉದ್ದ 3,256 ಕಿ.ಮೀ.
– 1950: ಮಿಕ್ಸೋಮಾ ವೈರಸ್ ಬಿಡುಗಡೆ. ಮೊದಲು ಭಾರಿ ಸಾವು, ಆಮೇಲೆ ಬದುಕುಳಿದ ಮೊಲಗಳಲ್ಲಿ ನಿರೋಧಕ ಶಕ್ತಿ.
– 1995: ವಾರ್ಡಂಗ್ ದ್ವೀಪದ ಪ್ರಯೋಗ ಆವರಣದಿಂದ ಕ್ಯಾಲಿಸಿವೈರಸ್ ತಪ್ಪಿಸಿಕೊಂಡು ಮುಖ್ಯಭೂಮಿಗೆ ಹಬ್ಬಿತು. 1996ರಲ್ಲಿ ಅಧಿಕೃತ ಬಿಡುಗಡೆ.

ಈ ಸಾಲಿನಲ್ಲಿ ಕೋವಿಯ ಪಾತ್ರ ಚಿಕ್ಕದು. ಮೊಲ ಹೆರುವ ವೇಗದ ಮುಂದೆ ಗುಂಡು ಎಂದೂ ಗೆದ್ದಿಲ್ಲ. ಬಿಲಗಳನ್ನು ಯಂತ್ರದಿಂದ ಸೀಳಿ ಮುಚ್ಚುವುದು, 1080 ಎಂದು ಕರೆಯುವ ಸೋಡಿಯಂ ಫ್ಲೂರೊಅಸಿಟೇಟ್ ವಿಷ, ವೈರಸ್ – ಇವುಗಳ ಕೆಲಸ ಮುಗಿದ ಮೇಲೆ ಉಳಿದ ಬೆರಳೆಣಿಕೆಯ ಮೊಲಗಳಿಗೆ ರೈಫಲ್. ಇದನ್ನು ಬಿಟ್ಟು ಕೋವಿಯನ್ನೇ ಪರಿಹಾರವೆಂದು ಬರೆದರೆ ಉತ್ತರ ದುರ್ಬಲವಾಗುತ್ತದೆ.

ತೋಟಾದ ಒಳಗುಟ್ಟು

ಹಿತ್ತಾಳೆಯ ಕೋಶ, ಕೇಪಿನ ಮದ್ದು, ಮುಖ್ಯ ಮದ್ದು, ಗುಂಡು – ತೋಟಾ ಎಂದರೆ ಈ ನಾಲ್ಕು. ಸಿಡಿಯುವ ಕೇಪಿನ ಮದ್ದು ಕೋಶದ ತಳದ ಅಂಚಿನೊಳಗೆ ಸುತ್ತಲೂ ತುಂಬಿದ್ದರೆ ರಿಮ್‌ಫೈರ್; ತಳದ ನಡುವೆ ಬೇರೆಯೇ ಕೇಪು ಕೂರಿಸಿದ್ದರೆ ಸೆಂಟರ್‌ಫೈರ್. ರಿಮ್‌ಫೈರ್‌ನಲ್ಲಿ ಸೂಜಿ ಬಡಿದು ಅಂಚನ್ನು ಜಜ್ಜಬೇಕಾದ್ದರಿಂದ ಕೋಶ ತೆಳುವಾಗಿರಲೇಬೇಕು. ತೆಳು ಕೋಶ ಹೆಚ್ಚು ಒತ್ತಡ ತಾಳದು, ಹಾಗಾಗಿ ಶಕ್ತಿಗೆ ಮಿತಿ. ಬಳಸಿದ ಕೋಶವನ್ನು ಮತ್ತೆ ತುಂಬಿಸುವ ರೂಢಿ ಇಲ್ಲ. ಬೆಲೆ ಕಡಿಮೆ, ಸದ್ದು ಕಡಿಮೆ, ಭುಜಕ್ಕೆ ಒದೆತ ಇಲ್ಲವೆಂಬಷ್ಟು ಕಡಿಮೆ.

.22 ಎಂದರೆ ಒಂದು ಇಂಚಿನ ನೂರರಲ್ಲಿ 22 ಭಾಗ, ಅಂದಾಜು 5.6 ಮಿ.ಮೀ. .22 ಶಾರ್ಟ್ ಅನ್ನು 1857ರಲ್ಲಿ ಸ್ಮಿತ್ ಆ್ಯಂಡ್ ವೆಸನ್ ತಂದಿತು. ಇಂದಿನ .22 ಲಾಂಗ್ ರೈಫಲ್, ಅಂದರೆ .22 ಎಲ್‌ಆರ್, ಅಮೆರಿಕದ ಸ್ಟೀವನ್ಸ್ ಕಂಪನಿಯ ಕೊಡುಗೆ. ಸಾಮಾನ್ಯವಾಗಿ ಕೊಡುವ ವರ್ಷ 1887. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ತ್ರೀ ಪೊಸಿಷನ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಇದೇ ತೋಟಾದ ಸ್ಪರ್ಧೆಯಲ್ಲಿ.

ಯಾವ ತೋಟಾ, ಯಾವ ಕೆಲಸಕ್ಕೆ

.22 ಎಲ್‌ಆರ್: ಗುಂಡಿನ ತೂಕ 2.6 ಗ್ರಾಂ. ಹೈ ವೆಲಾಸಿಟಿ ತೋಟಾದಲ್ಲಿ ವೇಗ ಸೆಕೆಂಡಿಗೆ ಸುಮಾರು 380 ಮೀಟರ್, ಶಕ್ತಿ ಸುಮಾರು 190 ಜೂಲ್. ಸಬ್‌ಸಾನಿಕ್ ತೋಟಾದಲ್ಲಿ ವೇಗ ಸುಮಾರು 320 ಮೀಟರ್. ಶಬ್ದದ ವೇಗವಾದ 340 ಮೀಟರಿಗಿಂತ ಇದು ಕಡಿಮೆಯಾದ್ದರಿಂದ ಗಾಳಿ ಸೀಳುವ ಚಟೀರ್ ಸದ್ದು ಬರುವುದಿಲ್ಲ. ಒಂದು ಮೊಲ ಬಿದ್ದರೂ ಉಳಿದವು ಬೆದರುವುದು ಕಡಿಮೆ. ಮೊಲಕ್ಕೆ ನಂಬಬಹುದಾದ ದೂರ 50ರಿಂದ 75 ಮೀಟರ್. 50 ಮೀಟರಿಗೆ ಗುರಿ ಹೊಂದಿಸಿದ ರೈಫಲ್‌ನ ಗುಂಡು 100 ಮೀಟರ್ ತಲುಪುವಾಗ ಸುಮಾರು 15 ಸೆಂ.ಮೀ. ಕೆಳಗಿಳಿದಿರುತ್ತದೆ. ಮೊಲದ ತಲೆಯ ಗಾತ್ರವನ್ನು ಯೋಚಿಸಿದರೆ ಆ ಇಳಿತದ ಅರ್ಥ ಗೊತ್ತಾಗುತ್ತದೆ.

.22 ಡಬ್ಲ್ಯುಎಂಆರ್, ಅಂದರೆ ಮ್ಯಾಗ್ನಮ್: ವಿಂಚೆಸ್ಟರ್, 1959. ಅದೇ ತೂಕದ ಗುಂಡು, ವೇಗ ಸುಮಾರು 580 ಮೀಟರ್, ಶಕ್ತಿ ಸುಮಾರು 440 ಜೂಲ್. .22 ಶಾರ್ಟ್ ಅನ್ನು .22 ಎಲ್‌ಆರ್ ನಳಿಕೆಯಲ್ಲಿ ಹಾರಿಸಬಹುದು. ಆದರೆ ಎಲ್‌ಆರ್ ತೋಟಾವನ್ನು ಮ್ಯಾಗ್ನಮ್ ರೈಫಲ್‌ಗೆ ಹಾಕುವಂತಿಲ್ಲ. ಕೋಶ ಸಡಿಲವಾಗಿ ಕೂತು ಸೀಳಿಹೋಗುವ ಅಪಾಯವಿದೆ. ಎರಡರ ಹೆಸರಲ್ಲೂ .22 ಇರುವುದರಿಂದ ಗೊಂದಲ ಸಹಜ.

.17 ಎಚ್‌ಎಂಆರ್: ಹಾರ್ನಡಿ, 2002. ಮ್ಯಾಗ್ನಮ್ ಕೋಶದ ಕುತ್ತಿಗೆ ಕಿರಿದು ಮಾಡಿ 4.4 ಮಿ.ಮೀ. ಗುಂಡು ಕೂರಿಸಿದ್ದು. ತೂಕ 1.1 ಗ್ರಾಂ ಮಾತ್ರ, ವೇಗ ಸೆಕೆಂಡಿಗೆ ಸುಮಾರು 777 ಮೀಟರ್, ಶಕ್ತಿ ಸುಮಾರು 330 ಜೂಲ್. ಬಯಲಿನಲ್ಲಿ 100–150 ಮೀಟರಿಗೆ ಒಳ್ಳೆಯ ಆಯ್ಕೆ. ಹಗುರ ಗುಂಡಾದ್ದರಿಂದ ಗಾಳಿ ಪಕ್ಕಕ್ಕೆ ತಳ್ಳುತ್ತದೆ, ಮಾಂಸ ಹೆಚ್ಚು ಹಾಳಾಗುತ್ತದೆ, ತೋಟಾ ದುಬಾರಿ. ನೆಲಕ್ಕೆ ಬಡಿದಾಗ ಚೂರಾಗುವ ಗುಣ ಇದರ ದೊಡ್ಡ ಲಾಭ. ನಿಧಾನವಾದ .22 ಎಲ್‌ಆರ್ ಗುಂಡು ನೀರು, ಕಲ್ಲು, ಗಟ್ಟಿ ನೆಲಕ್ಕೆ ತಾಗಿ ಪುಟಿದು ದಿಕ್ಕು ಬದಲಿಸುವುದು ಹೆಚ್ಚು.

.22 ಹಾರ್ನೆಟ್, .223 ರೆಮಿಂಗ್ಟನ್ – ಇವು ಸೆಂಟರ್‌ಫೈರ್. ನರಿಯ ಗಾತ್ರದ ಪ್ರಾಣಿಗೆ, ಹೆಚ್ಚು ದೂರಕ್ಕೆ. ಮೊಲಕ್ಕೆ ಅತಿಯಾಯಿತು.

ಒಂದೇ ರೈಫಲ್ ಇಟ್ಟುಕೊಳ್ಳುವ ಆಸ್ಟ್ರೇಲಿಯಾದ ರೈತನಿಗೆ ಬೋಲ್ಟ್ ಆ್ಯಕ್ಷನ್‌ನ .22 ಎಲ್‌ಆರ್ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ದೂರ ಸಾಲದಿದ್ದರೆ ದೊಡ್ಡ ತೋಟಾ ಹುಡುಕುವ ಬದಲು ಇಪ್ಪತ್ತು ಮೀಟರ್ ಮುಂದೆ ತೆವಳುವುದು ಮೇಲು.

ನಿಖರತೆ ಮತ್ತು ಗುಂಡು ನಿಲ್ಲುವ ಜಾಗ

ಪ್ರತಿ ನಳಿಕೆಗೂ ಒಗ್ಗುವ ತೋಟಾ ಬೇರೆ. ನಾಲ್ಕಾರು ಬಗೆ ತಂದು ಪರೀಕ್ಷಿಸಿ, 50 ಮೀಟರಿನಲ್ಲಿ ಐದು ಗುಂಡುಗಳು 25 ಮಿ.ಮೀ. ಒಳಗೆ ಬೀಳುವ ಬಗೆಯನ್ನು ಉಳಿಸಿಕೊಳ್ಳಬೇಕು. ರಿಮ್‌ಫೈರ್‌ಗೆಂದೇ ಮಾಡಿದ ದೂರದರ್ಶಕ 50–75 ಗಜಕ್ಕೆ ಹೊಂದಿಕೊಂಡಿರುತ್ತದೆ; 100 ಗಜದ ಲೆಕ್ಕದ ದೊಡ್ಡ ರೈಫಲ್‌ನದನ್ನು ಇದಕ್ಕೆ ತಿರುಗಿಸಿದರೆ ಹತ್ತಿರದ ಗುರಿಯಲ್ಲಿ ತಪ್ಪಾಗಬಹುದು.

ಪುಟ್ಟ ತೋಟಾ ಎಂಬ ಸಲಿಗೆ ಅಪಾಯಕಾರಿ. .22 ಎಲ್‌ಆರ್ ಗುಂಡು ಒಂದೂವರೆ ಮೈಲಿ, ಅಂದರೆ ಸುಮಾರು 2.4 ಕಿ.ಮೀ. ತನಕ ಹೋಗಬಲ್ಲದು, ತೋಟಾದ ಪೆಟ್ಟಿಗೆಗಳ ಮೇಲೆ ಈ ಎಚ್ಚರಿಕೆ ಅಚ್ಚಾಗಿರುತ್ತದೆ. ದಿಬ್ಬದ ನೆತ್ತಿಯಲ್ಲಿ ಆಕಾಶಕ್ಕೆ ಎದುರಾಗಿ ಕುಳಿತ ಮೊಲಕ್ಕೆ ಗುಂಡು ಹಾರಿಸಲೇಬಾರದು. ಹಿಂದೆ ಮಣ್ಣಿನ ಏರಿ ಇರಬೇಕು. ಪ್ರಾಣಿ ನರಳಿ ಓಡಿಹೋಗುವಂಥ ಗುರಿಯನ್ನೂ ಬಿಡಬೇಕು. ಪೀಡೆ ಎಂದು ಕರೆದ ಮಾತ್ರಕ್ಕೆ ಅದರ ನೋವು ಕಡಿಮೆಯಾಗುವುದಿಲ್ಲ.

ಕಾನೂನು ಆಯ್ಕೆಯನ್ನು ಬದಲಿಸಿದ ಬಗೆ

1996ರ ಏಪ್ರಿಲ್ 28ರಂದು ಟಾಸ್ಮೇನಿಯಾದ ಪೋರ್ಟ್ ಆರ್ಥರ್‌ನಲ್ಲಿ ಒಬ್ಬನೇ ಬಂದೂಕುಧಾರಿ 35 ಜನರನ್ನು ಕೊಂದ. ಕೆಲವೇ ದಿನಗಳಲ್ಲಿ ರಾಷ್ಟ್ರೀಯ ಶಸ್ತ್ರಾಸ್ತ್ರ ಒಪ್ಪಂದವಾಯಿತು. ಸರ್ಕಾರ ಹಣ ಕೊಟ್ಟು ಆರು ಲಕ್ಷಕ್ಕೂ ಹೆಚ್ಚು ಬಂದೂಕುಗಳನ್ನು ಹಿಂಪಡೆಯಿತು. ಪರವಾನಗಿಗೆ ನಿಜವಾದ ಕಾರಣ ತೋರಿಸಬೇಕು. ಪೀಡೆ ನಿಯಂತ್ರಣ ಕಾರಣವಾಗುತ್ತದೆ, ಆತ್ಮರಕ್ಷಣೆ ಆಗುವುದಿಲ್ಲ. ಕೊಳ್ಳುವ ಮೊದಲು 28 ದಿನ ಕಾಯಬೇಕು.

ಎ ವರ್ಗ: ಏರ್ ರೈಫಲ್, ಸೆಮಿ ಆಟೊಮ್ಯಾಟಿಕ್ ಅಲ್ಲದ ರಿಮ್‌ಫೈರ್. ಬಿ ವರ್ಗ: ಸೆಮಿ ಆಟೊಮ್ಯಾಟಿಕ್ ಅಲ್ಲದ ಸೆಂಟರ್‌ಫೈರ್. ಸಿ ವರ್ಗ: ಹತ್ತು ತೋಟಾದೊಳಗಿನ ಸೆಮಿ ಆಟೊಮ್ಯಾಟಿಕ್ ರಿಮ್‌ಫೈರ್, ಮುಖ್ಯವಾಗಿ ಕೃಷಿಕರಂಥ ಸೀಮಿತ ಜನರಿಗೆ. ನ್ಯೂಜಿಲೆಂಡ್ ಬೇರೆ ದಾರಿ ಹಿಡಿಯಿತು: 2019ರ ಮಾರ್ಚ್ 15ರ ಕ್ರೈಸ್ಟ್‌ಚರ್ಚ್ ಹತ್ಯಾಕಾಂಡದ ನಂತರ ಹೆಚ್ಚಿನ ಸೆಮಿ ಆಟೊಮ್ಯಾಟಿಕ್‌ಗಳನ್ನು ನಿಷೇಧಿಸಿದರೂ ಹತ್ತು ತೋಟಾದ ಮಿತಿಯ .22 ರಿಮ್‌ಫೈರ್ ಅನ್ನು ಹೊರಗಿಟ್ಟಿತು.

ಸೀಸದ ಗುಂಡು ಇನ್ನೊಂದು ಪ್ರಶ್ನೆ. ಗುಂಡು ತಿಂದ ಪ್ರಾಣಿಯ ಶವದಲ್ಲಿ ಉಳಿದ ಸೀಸದ ಚೂರು ಹದ್ದುಗಳ ಹೊಟ್ಟೆ ಸೇರುತ್ತದೆ. ಕ್ಯಾಲಿಫೋರ್ನಿಯಾ ಕಾಂಡರ್ ಈ ವಿಷಕ್ಕೆ ಬಲಿಯಾದ ಹಕ್ಕಿ. ಆ ರಾಜ್ಯ 2019ರ ಜುಲೈ 1ರಿಂದ ಎಲ್ಲ ಬಗೆಯ ಬೇಟೆಗೂ ಸೀಸದ ಗುಂಡನ್ನು ನಿಷೇಧಿಸಿದೆ.

ಭಾರತ, ಕರ್ನಾಟಕ

ಮೇಲಿನ ಆಯ್ಕೆಯ ಲೆಕ್ಕಾಚಾರ ಇಲ್ಲಿಗೆ ಅನ್ವಯಿಸುವುದಿಲ್ಲ. ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ 9ನೇ ಕಲಮು ಅನುಸೂಚಿಯ ಪ್ರಾಣಿಗಳ ಬೇಟೆಯನ್ನು ನಿಷೇಧಿಸುತ್ತದೆ. 2(16)ರ ಪ್ರಕಾರ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಉರುಳು ಹಾಕುವುದು, ವಿಷವಿಡುವುದು, ಅಟ್ಟುವುದು, ಇವುಗಳಿಗೆ ಯತ್ನಿಸುವುದೂ ಬೇಟೆಯೇ. ಮನುಷ್ಯನ ಜೀವಕ್ಕೆ ಅಥವಾ ನಿಂತ ಬೆಳೆಗೆ ಅಪಾಯವಿದ್ದಾಗ ಅನುಮತಿ ಕೊಡುವ ಅವಕಾಶ 11ನೇ ಕಲಮಿನಲ್ಲಿದೆ. 62ನೇ ಕಲಮಿನಡಿ ಪ್ರಾಣಿಯನ್ನು ನಿರ್ದಿಷ್ಟ ಪ್ರದೇಶ ಮತ್ತು ಅವಧಿಗೆ ಪೀಡೆ ಎಂದು ಘೋಷಿಸುವ ಅಧಿಕಾರ ಕೇಂದ್ರದ್ದು. 2015ರ ಡಿಸೆಂಬರ್‌ನಲ್ಲಿ ಬಿಹಾರದ ನೀಲಗಾಯ್ ಮತ್ತು ಕಾಡುಹಂದಿಗೆ ಹೀಗೆ ಘೋಷಣೆಯಾಗಿತ್ತು. 2022ರ ತಿದ್ದುಪಡಿ ಅನುಸೂಚಿಗಳನ್ನು ಆರರಿಂದ ನಾಲ್ಕಕ್ಕೆ ಇಳಿಸಿತು; ಕಾಗೆ, ಇಲಿ, ಹೆಗ್ಗಣ, ಹಣ್ಣುಬಾವಲಿಗಳಿದ್ದ ಹಳೆಯ ಐದನೇ ಪೀಡೆ ಅನುಸೂಚಿ ಹೋಯಿತು. ಜಾರಿ 2023ರ ಏಪ್ರಿಲ್ 1ರಿಂದ.

ಬಂದೂಕಿಗೆ ಶಸ್ತ್ರಾಸ್ತ್ರ ಕಾಯ್ದೆ, 1959. ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು 2019ರ ತಿದ್ದುಪಡಿ ಮೂರರಿಂದ ಎರಡಕ್ಕೆ ಇಳಿಸಿತು, ಪರವಾನಗಿ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. 2016ರ ನಿಯಮಗಳಂತೆ 20 ಜೂಲ್ ಮೀರಿದ ಅಥವಾ .177ಕ್ಕಿಂತ ದೊಡ್ಡ ನಳಿಕೆಯ ಏರ್ ರೈಫಲ್‌ಗೂ ಪರವಾನಗಿ ಬೇಕು. ಮಲೆನಾಡು, ಕರಾವಳಿಯ ರೈತರ ಬೆಳೆ ರಕ್ಷಣೆಯ ಕೋವಿ ಈ ಕಾಯ್ದೆಯಡಿಯದು. ಕಾಡುಹಂದಿಯ ಮುಂದೆ .22 ಎಲ್‌ಆರ್ ನಿಷ್ಪ್ರಯೋಜಕ. ಗಾಯಗೊಂಡ ಹಂದಿ ತೋಟದ ಕೂಲಿಯವರಿಗೆ ಎದುರಾಗುತ್ತದೆ.

ಕೊಡಗಿನ ವಿಷಯ ಪದೇ ಪದೇ ಕೇಳುವ ಪ್ರಶ್ನೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ನಿಗದಿತ ಕೋವಿಗಳಿಗೆ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ 2019ರ ಅಕ್ಟೋಬರ್‌ನಲ್ಲಿ ಇದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಈ ವಿನಾಯಿತಿಯನ್ನು ಎತ್ತಿಹಿಡಿಯಿತು. ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ಬೇಟೆ ಕೊಡಗಿನಲ್ಲೂ ಅಪರಾಧವೇ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯ ನಂತರ ಸಾಮಾನ್ಯ ಉಲ್ಲಂಘನೆಗೆ ಮೂರು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮೊದಲ ಅನುಸೂಚಿಯ ಪ್ರಾಣಿಯನ್ನು ಕೊಂದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಸೆರೆ, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ.