ಇಂದಿನ ಧಮ್ಮ ಚಿಂತನೆ: ಅದೇ ಬೆಲೆ, ಕಡಿಮೆ ತೂಕ



ಭಗವಾನ್ ಬುದ್ಧರು ಕಳ್ಳ ತಕ್ಕಡಿ, ಕಳ್ಳ ಅಳತೆಯಿಂದ ದೂರವಿದ್ದರೆಂದು ದೀಘನಿಕಾಯದ ಬ್ರಹ್ಮಜಾಲ ಸುತ್ತ ಹೇಳುತ್ತದೆ. ಈಗ ತಕ್ಕಡಿ ಸರಿಯಿದೆ, ಪೊಟ್ಟಣ ಸಣ್ಣದಾಗಿದೆ. 10 ರೂಪಾಯಿಗೆ 100 ಗ್ರಾಂ ಇದ್ದದ್ದು 80 ಗ್ರಾಂ ಆದರೆ, ಕೆಜಿ ಬೆಲೆ 100ರಿಂದ 125 ರೂಪಾಯಿಗೆ ಏರಿದಂತೆ. ತೂಕ ಅಚ್ಚು ಹಾಕಿರುವುದರಿಂದ ಕಾನೂನಿನ ಕಣ್ಣಿಗೆ ಅದು ಕಳ್ಳತನವಲ್ಲ. ಆದರೆ ನೋಡದೆ ಕೊಂಡರೆ ನಮ್ಮ ಕೂಲಿ ಹಣ ಕರಗುತ್ತದೆ.

2021ರ ತಿದ್ದುಪಡಿ ನಿಯಮದಂತೆ ಪೊಟ್ಟಣದ ಮೇಲೆ ಎಂಆರ್‌ಪಿ ಜೊತೆಗೆ ಗ್ರಾಂ ಅಥವಾ ಕೆಜಿ ಲೆಕ್ಕದ ದರವೂ ಇರಬೇಕು. ಕೂಡ್ಲಿಗಿ, ಕೊಟ್ಟೂರಿನ ಅಂಗಡಿಗಳಲ್ಲಿ ನಾನು ಮೊದಲು ಅದನ್ನೇ ಹುಡುಕುತ್ತೇನೆ. ದೊಡ್ಡ ಪೊಟ್ಟಣವೇ ಅಗ್ಗ ಅಂತೇನಿಲ್ಲ. ಬಿಡಿ ಬೇಳೆಯ ದರವನ್ನೂ ಕೇಳಿ ಹೋಲಿಸುತ್ತೇನೆ. ತೂಕದಲ್ಲಿ ಮೋಸ ಕಂಡರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಎಚ್ಚರದಿಂದ ಕೊಳ್ಳುವುದೂ ಅಪ್ಪಮಾದವೇ. ಉಳಿದ ಹತ್ತು ರೂಪಾಯಿ ಮಕ್ಕಳ ನೋಟ್‌ಬುಕ್ಕಿಗೆ ಆಗಲಿ.

ಭವತು ಸಬ್ಬ ಮಂಗಳಂ.