ವ್ಯಕ್ತಿ ಪರಿಚಯ: ಪೆಲೊನೊಮಿ ಮೊಯಿಲೊವಾ

ದಕ್ಷಿಣ ಆಫ್ರಿಕಾದ ಎಂಜಿನಿಯರ್, ಉದ್ಯಮಿ. ಜೊಹಾನ್ಸ್‌ಬರ್ಗ್‌ನ ಲೆಲಾಪಾ ಎಐ ಕಂಪನಿಯ ಸಿಇಒ. ಜೇಡ್ ಅಬಾಟ್ ಮತ್ತೊಬ್ಬ ಸಹಸ್ಥಾಪಕಿ. ಸೋಥೋ, ತ್ಸ್ವಾನಾ ಭಾಷೆಗಳಲ್ಲಿ ‘ಲೆಲಾಪಾ’ ಎಂದರೆ ಮನೆ. 2023ರಲ್ಲಿ ಟೈಮ್ ಪತ್ರಿಕೆಯ ಎಐ ಕ್ಷೇತ್ರದ ನೂರು ಪ್ರಭಾವಿಗಳ ಪಟ್ಟಿಯಲ್ಲಿ ಮೊಯಿಲೊವಾ ಹೆಸರಿತ್ತು.

ಕಂಪನಿಯ ಮುಖ್ಯ ಉತ್ಪನ್ನ ‘ವುಲವುಲ’. ತ್ಸೋಂಗಾ ಭಾಷೆಯಲ್ಲಿ ‘ಮಾತಾಡು’ ಎಂದರ್ಥ. ಜುಲು, ಸೋಥೋ, ಆಫ್ರಿಕಾನ್ಸ್ ಮಾತನ್ನು ಬರಹಕ್ಕಿಳಿಸುವುದು ಇದರ ಕೆಲಸ.

ಈ ಕೆಲಸ ಯಾಕೆ ಕಷ್ಟ? ನಾವು ಬೇಸರವಾದಾಗ ಲೊಚಗುಟ್ಟುತ್ತೇವಲ್ಲ, ಜುಲು ಮತ್ತು ಷೋಸಾ ಭಾಷೆಗಳಲ್ಲಿ ಆ ಸದ್ದೇ ಒಂದು ವ್ಯಂಜನ! ಇಂಗ್ಲಿಷ್ ಧ್ವನಿಮುದ್ರಣ ಕೇಳಿ ಪಳಗಿದ ಯಂತ್ರಕ್ಕೆ ಅದು ಅಕ್ಷರವೆಂದೇ ಹೊಳೆಯುವುದಿಲ್ಲ. ಮೇಲಾಗಿ ಜನ ಒಂದೇ ವಾಕ್ಯದಲ್ಲಿ ಎರಡು ಮೂರು ಭಾಷೆ ಬೆರೆಸುತ್ತಾರೆ. ಬೆಂಗಳೂರಿನವರಿಗೆ ಇದನ್ನು ವಿವರಿಸಬೇಕಿಲ್ಲ. ಕಲಿಸೋಣವೆಂದರೆ ಧ್ವನಿಮುದ್ರಿತ ದತ್ತಾಂಶವೂ ಕಡಿಮೆ.

2024ರಲ್ಲಿ ಬಂದ ‘ಇಂಕುಬಾಎಲ್‌ಎಂ’ ಇದೇ ಕಂಪನಿಯದು, ಆದರೆ ಧ್ವನಿಯದಲ್ಲ, ಪಠ್ಯದ ಮಾದರಿ (ಇಲ್ಲೇ ಗೊಂದಲವಾಗುವುದು). ‘ಇಂಕುಬಾ’ ಅಂದರೆ ಸಗಣಿ ಹುಳು: ಗಾತ್ರ ಸಣ್ಣದು, ಹೊರುವ ಭಾರ ದೊಡ್ಡದು. 40 ಕೋಟಿ ಪ್ಯಾರಾಮೀಟರ್‌ಗಳು. ಭಾಷೆಗಳು ಸ್ವಾಹಿಲಿ, ಯೊರುಬಾ, ಹೌಸಾ, ಜುಲು, ಷೋಸಾ.

ಜೊತೆಗೆ ನೆನಪಿಡಿ: 2023ರಲ್ಲಿ ಸಂಜ್ಞಾ ಭಾಷೆ ಸೇರಿ ದಕ್ಷಿಣ ಆಫ್ರಿಕಾದ ಅಧಿಕೃತ ಭಾಷೆಗಳು 12 ಆದವು.