ಬೆಟ್ಟ ಹತ್ತದ ದಿನದ ಲೆಕ್ಕ

ಬೀದರ, ಭಾಲ್ಕಿ, ಔರಾದದ ಮನೆಗಳಲ್ಲಿ ಹಿಮದ ಪ್ರವಾಸದ ಮಾತು ಈಗ ಅಪರೂಪವಲ್ಲ. ಹೈದರಾಬಾದ್, ಪುಣೆಗಳಲ್ಲಿ ನೌಕರಿಗೆ ನಿಂತ ಮಕ್ಕಳು ಅಪ್ಪ ಅವ್ವನನ್ನು ಕರೆದುಕೊಂಡು ಮನಾಲಿ, ಗುಲ್ಮಾರ್ಗ್ ಸುತ್ತಿ ಬರುತ್ತಾರೆ. ಅಲ್ಲಿ ಒಂದು ಮಧ್ಯಾಹ್ನ ಬಾಡಿಗೆ ಬೂಟು ಹಾಕಿ ಸ್ಕೀ ಮೇಲೆ ನಿಂತವರಿಗೆ ಮುಂದೆ ಫ್ರಾನ್ಸಿನ ಆಲ್ಪ್ಸ್ ಕನಸಾಗುತ್ತದೆ. ಇಂಥ ಪ್ರವಾಸಕ್ಕೆ ಕಾಗದ ಪೆನ್ನು ಹಿಡಿದು ಕೂತಾಗ ನಾನು ಕಲಿತ ಪಾಠ ಒಂದೇ. ನಾವು ಹಣ, ರಜೆ, ಟಿಕೆಟ್ ಎಲ್ಲವನ್ನೂ ಹಿಮದ ಮೇಲೆ ಜಾರುವ ದಿನಗಳಿಗಾಗಿ ಎಣಿಸುತ್ತೇವೆ. ಎಣಿಸಬೇಕಾದದ್ದು ಜಾರಲಾಗದ ದಿನಗಳನ್ನು. ಬಿರುಗಾಳಿಗೆ ಬೆಟ್ಟ ಹತ್ತಿಸುವ ಲಿಫ್ಟ್ ನಿಂತ ದಿನ, ಮೊಣಕಾಲು ಮುಷ್ಕರ ಹೂಡಿದ ದಿನ, ಅವ್ವನಿಗೆ ಕೋಣೆಯಿಂದ ಹೊರಬರಲು ಮನಸ್ಸಾಗದ ದಿನ. ಆ ದಿನವೂ ವ್ಯರ್ಥವಾಗದ ಊರು ಸಿಕ್ಕರೆ ಉಳಿದದ್ದೆಲ್ಲ ಸಲೀಸು. ಅಂಥ ಊರು ಎತ್ತರದಲ್ಲಿ ಕಟ್ಟಿದ ಸ್ಕೀ ನಗರಕ್ಕಿಂತ ಕಣಿವೆಯ ಹಳೆಯ ಹಳ್ಳಿಯಲ್ಲೇ ಸಿಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಫ್ರಾನ್ಸಿನಲ್ಲಿ ಸ್ಕೀ ತಾಣಗಳು ಎರಡು ಬಗೆ. 1960-70ರ ದಶಕಗಳಲ್ಲಿ ಅಲ್ಲಿನ ಸರ್ಕಾರ ಹಿಮದ ಯೋಜನೆಯೊಂದನ್ನು ಹಾಕಿಕೊಂಡು, ಮರ ಬೆಳೆಯುವ ಗಡಿಗಿಂತ ಮೇಲೆ, ಮೊದಲು ಊರೇ ಇಲ್ಲದ ಕಡೆ ದೊಡ್ಡ ವಸತಿ ಸಂಕೀರ್ಣಗಳು ಏಳುವಂತೆ ಮಾಡಿತು. 2,300 ಮೀಟರ್ ಎತ್ತರದ ವಾಲ್ ತೊರಾನ್ಸ್ ಆ ಕಾಲದ್ದು. ಬಾಗಿಲು ತೆರೆದರೆ ಹಿಮ, ಸ್ಕೀ ಕಟ್ಟಿದರೆ ಜಾರು. ಇನ್ನೊಂದು ಬಗೆ, ಅರಾವಿ ಬೆಟ್ಟಸಾಲಿನ ಲ ಗ್ರಾಂ ಬೋರ್ನಾಂನಂಥ ಹಳ್ಳಿಗಳು. ಸುಮಾರು 1,000 ಮೀಟರಿನಲ್ಲಿ ಚರ್ಚು, ಶಾಲೆ, ಹಟ್ಟಿ, ಮರದ ಮನೆಗಳು, ಬುಧವಾರ ಸಂತೆ. ಆ ಸಂತೆಯ ಹೆಸರುವಾಸಿ ಸರಕು ರೆಬ್ಲೊಶಾನ್ ಎಂಬ ಚೀಸ್. ಅದರ ಹುಟ್ಟಿನ ಕಥೆಯನ್ನು ದನ ಕಟ್ಟಿದ ಯಾರಾದರೂ ಕೂಡಲೇ ಹಿಡಿಯುತ್ತಾರೆ. ಮಧ್ಯಯುಗದಲ್ಲಿ ಜಮೀನ್ದಾರ ಹಾಲಿನ ಅಳತೆಯ ಮೇಲೆ ಗೇಣಿ ಗೊತ್ತು ಮಾಡುತ್ತಿದ್ದ. ಅಳೆಯುವವರು ಬಂದಾಗ ರೈತರು ಕೆಚ್ಚಲನ್ನು ಪೂರ್ತಿ ಹಿಂಡುತ್ತಿರಲಿಲ್ಲ. ಬಂದವರು ಬೆನ್ನು ತಿರುಗಿಸಿದ ಮೇಲೆ ಎರಡನೆಯ ಸಲ ಕರೆಯುತ್ತಿದ್ದರು. ಕೊನೆಗೆ ಬರುವ ಆ ಗಟ್ಟಿ, ಕೆನೆ ತುಂಬಿದ ಹಾಲಿನಿಂದಲೇ ಈ ಚೀಸ್. ಎರಡನೆಯ ಸಲ ಹಿಂಡುವುದಕ್ಕೆ ಅಲ್ಲಿನ ಆಡುಮಾತಿನಲ್ಲಿದ್ದ ಪದವೇ ಅದಕ್ಕೆ ಹೆಸರಾಯಿತು. ಚಳಿಗಾಲದಲ್ಲಿ ನಾವು ಜಾರುವ ಇಳಿಜಾರು ಬೇಸಿಗೆಯಲ್ಲಿ ಈ ಆಕಳುಗಳು ಮೇಯುವ ಗೋಮಾಳ. ದೇವಣಿ ತಳಿಯ ದನ ಸಾಕಿದ ನಮ್ಮ ಸೀಮೆಯವರಿಗೆ ಇದು ಪರಕೀಯ ಲೋಕವಲ್ಲ.

ಇನ್ನೊಂದು ನಂಟೂ ಇದೆ. ಸವ್ವಾ ಸೀಮೆಯ ಈ ಕಣಿವೆಗಳಿಂದ ಹಿಂದೆ ಚಳಿಗಾಲದಲ್ಲಿ ಗಂಡಸರು, ಚಿಕ್ಕ ಹುಡುಗರು ಕೂಡ, ಪ್ಯಾರಿಸಿಗೆ ಹೋಗಿ ಹೊಗೆಗೂಡು ಗುಡಿಸಿ ಹೊಟ್ಟೆ ಹೊರೆಯುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಔರಾದದ ತಾಂಡಾಗಳಿಂದ ಮುಂಬೈ, ಹೈದರಾಬಾದಿಗೆ ಗುಳೆ ಹೋಗುವ ಜನರನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಸ್ಕೀ ಬಂದ ಮೇಲೆ ಆ ಗುಳೆ ತಿರುಗಿತು. ಬೇಸಿಗೆಯಲ್ಲಿ ಹೈನು, ಚಳಿಗಾಲದಲ್ಲಿ ಲಿಫ್ಟಿನ ಕೆಲಸ ಅಥವಾ ಸ್ಕೀ ಪಾಠ ಎಂದು ಎರಡು ದುಡಿಮೆಯ ಮೇಲೆ ಬದುಕುವ ಮನೆಗಳು ಅಲ್ಲಿ ಇಂದಿಗೂ ಇವೆ. ಹಳ್ಳಿಯಲ್ಲಿ ಮನೆ ಹಿಡಿದರೆ ನಮ್ಮ ದುಡ್ಡಿನಲ್ಲಿ ಒಂದು ಪಾಲು ಇಂಥ ಮನೆಗಳಿಗೆ ಸೇರುತ್ತದೆ. ನನಗೆ ಇದು ಸಣ್ಣ ಕಾರಣವಲ್ಲ.

ದೊಡ್ಡ ಕಾರಣ ಮೈಯ ಲೆಕ್ಕ. ಬೀದರದವರಿಗೆ ಚಳಿ ಗೊತ್ತು, ಡಿಸೆಂಬರಿನಲ್ಲಿ ರಾಜ್ಯದಲ್ಲೇ ಕಡಿಮೆ ಉಷ್ಣಾಂಶ ಎಷ್ಟೋ ಸಲ ನಮ್ಮಲ್ಲೇ ದಾಖಲಾಗುತ್ತದೆ ಎಂಬ ಮಾತು ಬರುತ್ತದೆ. ನಿಜವೇ. ಆದರೆ ಅದು ಹತ್ತು ಗಂಟೆಯ ಬಿಸಿಲಿಗೆ ಕರಗುವ ಚಳಿ. ಎತ್ತರದ ಬೆಟ್ಟದಲ್ಲಿ ದಿನವಿಡೀ ಸೊನ್ನೆಯ ಕೆಳಗೆ ಗಾಳಿಯಲ್ಲಿ ನಿಲ್ಲುವುದು, ಎಂದೂ ದುಡಿಸದ ಸ್ನಾಯುಗಳನ್ನು ದುಡಿಸುವುದು, ರಾತ್ರಿ ತೆಳುವಾದ ಗಾಳಿಯಲ್ಲಿ ನಿದ್ದೆ ಬರದೆ ಹೊರಳುವುದು ಬೇರೆ ಮಾತು. ಹಗಲು ಎಷ್ಟು ಮೇಲೆ ಹೋದೆವು ಎನ್ನುವಷ್ಟೇ, ರಾತ್ರಿ ಎಷ್ಟು ಕೆಳಗೆ ಮಲಗಿದೆವು ಎನ್ನುವುದೂ ಮುಖ್ಯ. ಹೊಸಬರ ಕಾಲುಗಳು ಮೂರನೆಯ ದಿನಕ್ಕೆ ಸೋಲುತ್ತವೆ. ಸೋತ ಕಾಲಿನಲ್ಲಿ, ಕಟ್ಟಿದ ದುಡ್ಡು ಹೋದೀತೆಂಬ ಹಟಕ್ಕೆ ಮತ್ತೆ ಇಳಿಜಾರಿಗೆ ಹೋದವರೇ ಮೊಣಕಾಲು ತಿರುಚಿಕೊಳ್ಳುವುದು. ಬೆಟ್ಟದಲ್ಲಿ ಹಿಂದಿರುಗಲು ಜಾಗವಿಲ್ಲದಿದ್ದರೆ ಏನಾಗುತ್ತದೆ ಎಂಬುದು ಕರ್ನಾಟಕಕ್ಕೆ ಗೊತ್ತಿದೆ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿ ಹಿಮಗಾಳಿಗೆ ಸಿಕ್ಕು ನಮ್ಮ ರಾಜ್ಯದ 9 ಜನ ತೀರಿಕೊಂಡರು. ಸ್ಕೀ ರಜೆ ಚಾರಣದಷ್ಟು ಕಠಿಣವಲ್ಲ, ಒಪ್ಪುತ್ತೇನೆ. ಆದರೆ ಬೆಟ್ಟದ ಹವೆ ನಮ್ಮ ವೇಳಾಪಟ್ಟಿಯನ್ನು ಕೇಳುವುದಿಲ್ಲ ಎಂಬ ನಿಯಮ ಎರಡಕ್ಕೂ ಒಂದೇ. ಇವತ್ತು ಬೇಡ ಎಂದು ಸುಲಭವಾಗಿ ಹೇಳಲು ಬಿಡುವ ಊರು ಬೇಕು. ಹಳ್ಳಿಯಲ್ಲಿ ಆ ದಿನ ಸಂತೆ ಇದೆ, ಚೀಸ್ ಮಾಡುವ ಮನೆ ಇದೆ, ಮಕ್ಕಳಿಗೆ ಜಾರುಬಂಡಿ ಇದೆ, ಅಪ್ಪ ಕೋಲೂರಿ ನಡೆಯುವಷ್ಟು ಸಮತಟ್ಟಾದ ದಾರಿ ಇದೆ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ: ಕೆಳಗಿನ ಹಳ್ಳಿಯಲ್ಲಿ ಹಿಮವೇ ಬೀಳದಿದ್ದರೆ? ಇದನ್ನು ತಳ್ಳಿಹಾಕಲಾಗದು. ಚಳಿಗಾಲ ಬೆಚ್ಚಗಾಗುತ್ತ ಬಂದಿದೆ. ಹಿಮವಿಲ್ಲದೆ ಲಿಫ್ಟ್ ಮುಚ್ಚಿದ ಸಣ್ಣ ತಾಣಗಳು ಫ್ರಾನ್ಸಿನಲ್ಲೇ ಇವೆ. ನನ್ನ ಉತ್ತರ, ಮಲಗುವುದು ಕೆಳಗೆ, ಜಾರುವುದು ಮೇಲೆ. ಗ್ರಾಂ ಬೋರ್ನಾಂನ ಲಿಫ್ಟ್‌ಗಳು 2,000 ಮೀಟರ್ ದಾಟುತ್ತವೆ, ಊರಿನ ಬಸ್ಸು ಬುಡಕ್ಕೆ ಒಯ್ಯುತ್ತದೆ. ಬಸ್ಸಿನಲ್ಲಿ ದಿನಕ್ಕೆ ಅರ್ಧ ಗಂಟೆ ಹೋಗುತ್ತದೆ ಎನ್ನುವುದು ಪಳಗಿದವರ ದೂರು. ದಿನಕ್ಕೆ ಎರಡು ಗಂಟೆ ಪಾಠ ಕಲಿತು ಸುಸ್ತಾಗುವ ಹೊಸಬರಿಗೆ ಅದು ನಷ್ಟವಲ್ಲ. ಆದರೆ ಕಾಲ ಸರಿಯಾಗಿ ಆರಿಸಲೇಬೇಕು. ಜನವರಿಯ ಎರಡನೆಯ ವಾರದಿಂದ ತಿಂಗಳ ಕೊನೆಯವರೆಗೆ ಹಿಮವೂ ಹೆಚ್ಚು ನಂಬಿಕೆಯದು, ಬಾಡಿಗೆಯೂ ಕಡಿಮೆ. ಫೆಬ್ರುವರಿಯಲ್ಲಿ ಫ್ರಾನ್ಸಿನ ಶಾಲೆಗಳು ಮೂರು ವಲಯಗಳಾಗಿ ಸರದಿಯಲ್ಲಿ ರಜೆ ಕೊಡುತ್ತವೆ, ಆಗ ಬಾಡಿಗೆ ಏರುತ್ತದೆ, ಮನೆ ಬದಲಾಗುವ ಶನಿವಾರ ಕಣಿವೆಯ ರಸ್ತೆಯಲ್ಲಿ ವಾಹನ ಅಲುಗಾಡದು. ನಮ್ಮಲ್ಲಿ ತೊಗರಿ ರಾಶಿ ಮುಗಿಯುವ ಹೊತ್ತೂ ಜನವರಿಯೇ. ತೊಡಕು ಮಕ್ಕಳ ಶಾಲೆಯದು. ಬೇಸಿಗೆ ರಜೆ ಏಪ್ರಿಲ್‌ಗೆ ಬರುತ್ತದೆ, ಆಗ ಕಣಿವೆಯ ಹಿಮ ಕರಗಿರುತ್ತದೆ. ಪ್ರಾಥಮಿಕ ತರಗತಿಯವರಿಗೆ ಒಂದು ವಾರದ ರಜೆ ಕೇಳಬಹುದು. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿರುವ ವರ್ಷ ಈ ಪ್ರವಾಸ ಬೇಡ.

ಹಾಗಾದರೆ ವೀಸಾ ಇಲ್ಲದ ಗುಲ್ಮಾರ್ಗ್ ಸಾಕಲ್ಲವೇ? ಕಲಿಯುವ ಮೊದಲ ವಾರಕ್ಕೆ ಸಾಕು, ಖರ್ಚೂ ಬಹಳ ಕಡಿಮೆ. ಅಲ್ಲಿ ಬಟ್ಟಲಿನಂಥ ತಳವೇ 2,650 ಮೀಟರ್, ಎರಡನೆಯ ಹಂತದ ಗೊಂಡೊಲ ಸುಮಾರು 3,950 ಮೀಟರಿಗೆ ಒಯ್ಯುತ್ತದೆ. ಆ ಅಫರ್ವಾಟ್ ಬೆಟ್ಟದ ಹಿಮಕುಸಿತಕ್ಕೆ 2023ರ ಫೆಬ್ರುವರಿಯಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರುವರಿಯಲ್ಲಿ ರಷ್ಯಾದ ಒಬ್ಬರು ಬಲಿಯಾದರು. ಹೊಸಬರು ಕೆಳಗಿನ ಬಟ್ಟಲು ಬಿಟ್ಟು ಕದಲಬಾರದು, ಎರಡು ದಿನ ಶ್ರೀನಗರದಲ್ಲಿ ಮಲಗಿ ಮೇಲೆ ಹೋಗಬೇಕು. ಅಂದರೆ ನಾನು ಹೇಳುತ್ತಿರುವ ಲೆಕ್ಕವೇ ಅಲ್ಲೂ.

ಆಲ್ಪ್ಸ್‌ಗೇ ಹೋಗುವುದಾದರೆ ಸಿದ್ಧತೆ ದೀಪಾವಳಿಗೆ ಮೊದಲೇ ಆಗಬೇಕು. ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ವಿಮಾನ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಇಳಿದರೂ ಹೆಚ್ಚು ದಿನ ಫ್ರಾನ್ಸಿನಲ್ಲಿ ಇರುವವರು ಫ್ರಾನ್ಸಿಗೇ ಅರ್ಜಿ ಹಾಕಬೇಕು. ಅದಕ್ಕೆ ಹೈದರಾಬಾದಿನಲ್ಲೇ ಕೇಂದ್ರವಿದೆ. ವೀಸಾಕ್ಕೆ ಬೇಕಾದ 30,000 ಯೂರೋ ವಿಮೆಯಲ್ಲಿ ಸ್ಕೀ ಗಾಯ ಸೇರಿದೆಯೇ ಎಂದು ಓದಿ ನೋಡಿ. ಎಷ್ಟೋ ಅಗ್ಗದ ಪಾಲಿಸಿಗಳಲ್ಲಿ ಸೇರಿರುವುದಿಲ್ಲ, ಫ್ರಾನ್ಸಿನ ಇಳಿಜಾರಿನಿಂದ ಗಾಯಾಳುವನ್ನು ಹೊತ್ತು ತರುವುದಕ್ಕೂ ಬಿಲ್ ಆಗುತ್ತದೆ. ಅಡುಗೆಮನೆ ಇರುವ ಮನೆಯನ್ನೇ ಹಿಡಿಯಿರಿ. ಶುದ್ಧ ಸಸ್ಯಾಹಾರಿಗಳು ಒಂದು ಸಂಗತಿ ತಿಳಿದಿರಬೇಕು: ರೆಬ್ಲೊಶಾನ್‌ನಂಥ ಸಾಂಪ್ರದಾಯಿಕ ಚೀಸಿಗೆ ಹೆಪ್ಪು ಹಾಕುವುದು ಕರುವಿನ ಜಠರದಿಂದ ತೆಗೆದ ವಸ್ತುವಿನಿಂದ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯಿರಿ. ತುಪ್ಪ, ಪೇಢೆ ಬೇಡ, ಹಾಲಿನ ಪದಾರ್ಥವನ್ನು ಗಡಿಯಲ್ಲೇ ತೆಗೆದುಕೊಳ್ಳುತ್ತಾರೆ. ಮುಂಗಡ ಕಳಿಸುವ ಮೊದಲು ಮನೆಯ ಮಾಲೀಕರಿಗೆ ಒಂದು ಪ್ರಶ್ನೆ ಬರೆಯಿರಿ: ಲಿಫ್ಟ್ ನಿಂತ ದಿನ ಎಪ್ಪತ್ತರ ಅವ್ವ ನಡೆದು ಹೋಗಿ ಬರುವಷ್ಟು ಹತ್ತಿರದಲ್ಲಿ ಏನಿದೆ? ಉತ್ತರದಲ್ಲಿ ಎರಡು ಹೆಸರೂ ಇಲ್ಲದಿದ್ದರೆ ಬೇರೆ ಊರು ನೋಡಿ.